ಗೆಳೆಯನ ಗ್ಯಾರೇಜು, ಬಾಕಿ ಉಳಿದ ಬಿಲ್ಲು

ಕಾರು ರಿಪೇರಿಯ ಹಣದ ತಕರಾರು ಅಪರಿಚಿತರ ನಡುವೆ ಹುಟ್ಟಿದರೆ ಅದು ಬಿಲ್ಲಿನ ಮೊತ್ತದ ಬಗ್ಗೆ ಇರುತ್ತದೆ. ಗೆಳೆಯರ ನಡುವೆ ಹುಟ್ಟಿದರೆ, ಬಹುಮಟ್ಟಿಗೆ, ಬಿಲ್ಲೇ ಇಲ್ಲದ್ದರಿಂದ ಹುಟ್ಟಿರುತ್ತದೆ. ಮಂಗಳೂರಿನಲ್ಲಿ ಕಂಪನಿಗಳ ಅಧಿಕೃತ ಸರ್ವಿಸ್ ಕೇಂದ್ರಗಳಿಗೆ ಕೊರತೆಯಿಲ್ಲದಿದ್ದರೂ, ವಾರಂಟಿ ಮುಗಿದ ಕಾರುಗಳು ಪರಿಚಯದ ಸಣ್ಣ ಗ್ಯಾರೇಜುಗಳಿಗೆ ಹೋಗುವುದೇ ಹೆಚ್ಚು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಕಡಲಿನ ಉಪ್ಪುಗಾಳಿಗೆ ಕಾರಿನ ತಳಭಾಗ ಬೇಗ ತುಕ್ಕು ಹಿಡಿಯುವ ಈ ಊರಿನಲ್ಲಿ ಮೆಕ್ಯಾನಿಕ್ ಗೆಳೆಯನೊಬ್ಬ ಇರುವುದು ದೊಡ್ಡ ಅನುಕೂಲವೇ ಸರಿ. ಆದರೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಫೋನಿನಲ್ಲೇ ಕೆಲಸ ಒಪ್ಪಿಸುವಾಗ ಮಾಲೀಕನಿಗೆ ದರ ಕೇಳಲು ದಾಕ್ಷಿಣ್ಯ, ಮೆಕ್ಯಾನಿಕ್‌ಗೆ ದರ ಹೇಳಲು ಸಂಕೋಚ. ಹೀಗಾಗಿ ಒಬ್ಬನ ಮನಸ್ಸಿನಲ್ಲಿ ರಿಯಾಯಿತಿಯೂ ಇನ್ನೊಬ್ಬನ ಮನಸ್ಸಿನಲ್ಲಿ ಪೂರ್ತಿ ಮಜೂರಿಯೂ ಬಾಯಿಗೆ ಬಾರದೆ ಉಳಿದುಬಿಡುತ್ತವೆ.

ಅಂದಾಜು ಮೀರುವುದೆಲ್ಲ ಮೋಸವಲ್ಲ ಎಂಬುದನ್ನು ಮೊದಲಿಗೇ ಹೇಳಬೇಕು. ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕಾಗುತ್ತದೆ. ಇಳಿಸಿದ ಮೇಲಷ್ಟೇ ರಿಲೀಸ್ ಬೇರಿಂಗ್ ಸವೆದಿದೆಯೇ, ಆಯಿಲ್ ಸೀಲ್ ಸೋರುತ್ತಿದೆಯೇ ಎಂಬುದು ಕಣ್ಣಿಗೆ ಬೀಳುತ್ತದೆ. ಅವನ್ನು ಹಾಗೆಯೇ ಬಿಟ್ಟರೆ ಕೆಲವು ತಿಂಗಳಲ್ಲಿ ಅದೇ ಮಜೂರಿಯನ್ನು ಮತ್ತೊಮ್ಮೆ ತೆರಬೇಕಾದೀತೆಂದು ಮೆಕ್ಯಾನಿಕ್ ಗೆಳೆಯ ಕೇಳದೆಯೇ ಹೊಸದನ್ನು ಹಾಕಿಬಿಡುತ್ತಾನೆ. ಅವನ ದೃಷ್ಟಿಯಲ್ಲಿ ಅದು ಉಪಕಾರ, ಮಾಲೀಕನ ದೃಷ್ಟಿಯಲ್ಲಿ ಹೇಳದೆ ಮಾಡಿಸಿದ ಖರ್ಚು.

ಕಾನೂನು ಈ ಮೌನವನ್ನು ಪುಕ್ಕಟೆ ಎಂದು ಓದುವುದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ, ಅದು ಯಾವ ಭಾಷೆಯಲ್ಲಿ ಆಯಿತೆಂಬುದು ಮುಖ್ಯವಲ್ಲ. ಅದೇ ಕಾಯಿದೆಯ 70ನೇ ಕಲಮಿನಂತೆ, ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬನು ಇನ್ನೊಬ್ಬನಿಗಾಗಿ ನ್ಯಾಯಬದ್ಧವಾಗಿ ಮಾಡಿದ ಕೆಲಸದ ಪ್ರಯೋಜನವನ್ನು ಆ ಇನ್ನೊಬ್ಬನು ಪಡೆದುಕೊಂಡರೆ ತಕ್ಕ ಪ್ರತಿಫಲ ಕೊಡಬೇಕಾಗುತ್ತದೆ. ಇದನ್ನು ವಿವರಿಸುತ್ತ ಸುಪ್ರೀಂ ಕೋರ್ಟು ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ನಡುವಿನ ಪ್ರಕರಣದಲ್ಲಿ, ಬೇಡವೆನ್ನುವ ಅವಕಾಶವಿದ್ದೂ ಸ್ವಇಚ್ಛೆಯಿಂದ ಸ್ವೀಕರಿಸಿದವನ ಮೇಲೆ ಮಾತ್ರ ಈ ಹೊಣೆ ಬೀಳುತ್ತದೆ ಎಂಬ ಮಿತಿಯನ್ನೂ ಹಾಕಿದೆ. ಆದ್ದರಿಂದ ಹೇಳದೆ ಹಾಕಿದ ಬೇರಿಂಗನ್ನು ಆಕ್ಷೇಪಿಸುವುದಿದ್ದರೆ ಕಾರು ಒಯ್ಯುವ ಮೊದಲೇ ಆಕ್ಷೇಪಿಸಬೇಕು. ತಿಂಗಳುಗಟ್ಟಲೆ ಓಡಿಸಿದ ಮೇಲೆ ಎತ್ತುವ ಆಕ್ಷೇಪಕ್ಕೆ ಬಲ ಕಡಿಮೆ.

ಇನ್ನೂ ಸ್ವಾರಸ್ಯವಾದ ಸಂಗತಿಯೆಂದರೆ, ಗೆಳೆತನದ ಔದಾರ್ಯವು ಕಾನೂನಿನ ದೃಷ್ಟಿಯಲ್ಲಿ ಇಬ್ಬರ ರಕ್ಷಣೆಯನ್ನೂ ಸಡಿಲಿಸುತ್ತದೆ. ಒಡೆತನ ಮಾಲೀಕನಲ್ಲೇ ಉಳಿದು, ವಸ್ತು ಮಾತ್ರ ಒಂದು ಉದ್ದೇಶಕ್ಕಾಗಿ ಇನ್ನೊಬ್ಬನ ವಶಕ್ಕೆ ಹೋಗುವ ವ್ಯವಹಾರವನ್ನು ಬೈಲ್‌ಮೆಂಟ್ ಎನ್ನುತ್ತಾರೆ. ರಿಪೇರಿಗೆ ಬಿಟ್ಟ ಕಾರು ಈ ಬಗೆಯದು. ಅದರ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿದವನು ತನ್ನ ಮಜೂರಿ ಕೈಸೇರುವವರೆಗೆ ಅದನ್ನು ತನ್ನಲ್ಲೇ ಇಟ್ಟುಕೊಳ್ಳಬಹುದೆಂದು 170ನೇ ಕಲಮು ಹೇಳುತ್ತದೆ; ಇದಕ್ಕೆ ಲೀನ್ ಎಂದು ಹೆಸರು. ಇದು ಇಟ್ಟುಕೊಳ್ಳುವ ಹಕ್ಕು ಮಾತ್ರ, ಮಾರಿ ಹಣ ಹಿಡಿದುಕೊಳ್ಳುವ ಹಕ್ಕಲ್ಲ. ಕಾಯಿದೆಯೇ ಕೊಡುವ ಉದಾಹರಣೆಯಲ್ಲಿ ದರ್ಜಿಯೊಬ್ಬ ಕೋಟು ಹೊಲಿದ ಕೂಡಲೇ ಕೊಡುವುದಾಗಿಯೂ ಹಣಕ್ಕೆ ಮೂರು ತಿಂಗಳು ಕಾಯುವುದಾಗಿಯೂ ಮಾತು ಕೊಟ್ಟಿರುತ್ತಾನೆ, ಆದ್ದರಿಂದ ಅವನು ಕೋಟನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಗೆಳೆಯನ ಕಾರನ್ನು ಕೊಡುತ್ತ "ಹಣ ಆಮೇಲೆ ಕೊಟ್ಟರಾಯಿತು" ಎನ್ನುವ ಮೆಕ್ಯಾನಿಕ್ ಈ ದರ್ಜಿಯ ಸ್ಥಾನದಲ್ಲೇ ನಿಲ್ಲುತ್ತಾನೆ. ಕೀಲಿ ಕೈದಾಟಿದೊಡನೆ ಲೀನ್ ಮುಗಿಯಿತು. ಮುಂದಿನ ಸಲ ಆಯಿಲ್ ಬದಲಿಸಲು ಬಂದ ಕಾರನ್ನು ಹಳೆಯ ಬಾಕಿಗಾಗಿ ತಡೆದಿಡಲೂ ಬರುವುದಿಲ್ಲ, ಏಕೆಂದರೆ ಯಾವ ಬಾಕಿಗಾದರೂ ವಸ್ತುವನ್ನು ಹಿಡಿದಿಡುವ ವಿಶಾಲ ಹಕ್ಕನ್ನು 171ನೇ ಕಲಮು ಬ್ಯಾಂಕು, ವಕೀಲರು ಮೊದಲಾದ ಕೆಲವರಿಗಷ್ಟೇ ಮೀಸಲಿಟ್ಟಿದೆ. ನಂಬಿ ಕಾರು ಕೊಟ್ಟವನು ತನ್ನ ಕೈಲಿದ್ದ ಏಕೈಕ ಭದ್ರತೆಯನ್ನೇ ಬಿಟ್ಟುಕೊಟ್ಟಿದ್ದಾನೆ ಎಂಬುದು ಬಿಲ್ಲು ಮುಂದೂಡುವ ಗೆಳೆಯನ ಗಮನಕ್ಕೆ ಬರುವುದು ಕಡಿಮೆ.

ಮಾಲೀಕನ ಪಾಲಿಗೂ ಇದೇ ಕಥೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಉಚಿತ ಸೇವೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ, ಸ್ನೇಹಕ್ಕಾಗಿ ಮಜೂರಿಯಿಲ್ಲದೆ ಮಾಡಿದ ಕೆಲಸ ಕೆಟ್ಟರೆ ಮಾಲೀಕನು ಸೇವಾ ನ್ಯೂನತೆಯ ದೂರು ಕೊಡುವುದು ಕಷ್ಟ. ಬಿಡಿಭಾಗಕ್ಕೆ ಎಷ್ಟು, ಮಜೂರಿಗೆ ಎಷ್ಟು, ಹಾಕಿದ್ದು ಒರಿಜಿನಲ್ಲೇ, ಲೋಕಲ್ಲೇ, ಸೆಕೆಂಡ್‌ಹ್ಯಾಂಡೇ ಎಂಬಷ್ಟನ್ನು ಕೆಲಸಕ್ಕೆ ಮೊದಲು ಒಂದು ವಾಟ್ಸಾಪ್ ಸಂದೇಶದಲ್ಲಿ ಬರೆದು "ಆಯಿತು" ಎನ್ನಿಸಿಕೊಂಡಿದ್ದರೆ ಇಬ್ಬರ ಕೈಗೂ ಆಧಾರ ಸಿಗುತ್ತದೆ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯುವುದನ್ನು ಯಾವ ಮೆಕ್ಯಾನಿಕ್ ಕೂಡ ಅವಮಾನವೆಂದು ಎಣಿಸಬೇಕಾಗಿಲ್ಲ.

ತಕರಾರು ಎದ್ದ ಮೇಲೆ ಮಾಡಬಹುದಾದ ವಿವೇಕದ ಕೆಲಸವೆಂದರೆ ವಿವಾದವಿಲ್ಲದ ಭಾಗವನ್ನು, ಅಂದರೆ ಅಂಗಡಿಯ ರಸೀದಿಯಿರುವ ಬಿಡಿಭಾಗದ ಹಣವನ್ನು, ಕೂಡಲೇ ಪಾವತಿಸಿ, ಉಳಿದ ಮಜೂರಿಯನ್ನು ಮಾತ್ರ ಚರ್ಚೆಗೆ ಬಿಡುವುದು. ಕಡಿಮೆ ಮೊತ್ತವನ್ನು ಪೂರ್ಣ ಬಾಕಿಯ ಬದಲು ಒಪ್ಪಿಕೊಂಡರೆ ಸಾಲವೇ ತೀರಿದಂತೆ ಎಂದು ಕರಾರು ಕಾಯಿದೆಯ 63ನೇ ಕಲಮು ಹೇಳುತ್ತದೆ. ಆದರೆ ಹಾಗೆ ಒಪ್ಪಿದ್ದು "ಲೆಕ್ಕ ಚುಕ್ತಾ" ಎಂಬ ಬರಹದಲ್ಲಿ ಇರದಿದ್ದರೆ ಅದು ಬರೀ ಭಾಗಶಃ ಪಾವತಿಯೆಂಬ ಇನ್ನೊಂದು ಜಗಳಕ್ಕೆ ದಾರಿಯಾಗುತ್ತದೆ.

ಮಾತುಕತೆ ಮುರಿದಾಗ ಪೊಲೀಸ್ ಠಾಣೆಗೆ ಓಡುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಬರೀ ಬಾಕಿ ಹಣ ಸಿವಿಲ್ ವಿಷಯ, ವಸೂಲಿ ಪೊಲೀಸರ ಕೆಲಸವಲ್ಲ. ತುಳುನಾಡಿನಲ್ಲಿ ಇಂಥ ವ್ಯವಹಾರಗಳನ್ನು ಧರ್ಮಸ್ಥಳಕ್ಕೋ ಕಾಸರಗೋಡು ಜಿಲ್ಲೆಯ ಕಾನತ್ತೂರಿನ ನಾಲ್ವರ್ ದೈವಸ್ಥಾನಕ್ಕೋ ಒಯ್ಯುವ ರೂಢಿಯೂ ಇದೆ. ಅಲ್ಲಿಯ ತೀರ್ಮಾನಕ್ಕೆ ಡಿಕ್ರಿಯ ಬಲವಿಲ್ಲದಿದ್ದರೂ, ಇಬ್ಬರೂ ಒಪ್ಪಿ ಬರೆದು ಸಹಿ ಹಾಕಿದರೆ ಅದೂ ಒಂದು ಕರಾರೇ ಆಗುತ್ತದೆ. ಹಣ ಕೊಟ್ಟು ಕೆಲಸ ಕೆಟ್ಟ ಮಾಲೀಕನು ಎರಡು ವರ್ಷದೊಳಗೆ ಮಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ವಕೀಲರಿಲ್ಲದೆಯೂ ದೂರು ಕೊಡಬಹುದು, ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಮಜೂರಿ ಬಾರದ ಮೆಕ್ಯಾನಿಕ್‌ಗೆ ಈ ಬಾಗಿಲು ಮುಚ್ಚಿದೆ. ಪಾವತಿಗೆ ಗಡುವು ಗೊತ್ತುಮಾಡಿರದಿದ್ದರೆ ಅವನು ಕೆಲಸ ಮುಗಿದ ಮೂರು ವರ್ಷದೊಳಗೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಗೆಳೆಯರಿಬ್ಬರಿಗೂ ಹೆಚ್ಚು ಹೊಂದುವ ಜಾಗವೆಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ನಡೆಯುವ ಲೋಕ ಅದಾಲತ್ತು: ದಾವೆ ಹೂಡುವ ಮೊದಲೇ ಅಲ್ಲಿಗೆ ಹೋಗಬಹುದು, ಇಬ್ಬರೂ ಒಪ್ಪದೆ ತೀರ್ಪಾಗುವುದಿಲ್ಲ, ಒಪ್ಪಿ ಆದ ತೀರ್ಪಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಸಿವಿಲ್ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯಿಲ್ಲ.