ಸಮಾನಸ್ಮೃತಿಯಲ್ಲಿ ಪಹಣಿಯ ರಕ್ಷಣೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ರೈತನು ಸಾಲಕ್ಕೆ ಹೋದರೂ ನ್ಯಾಯಸ್ಥಾನಕ್ಕೆ ಹೋದರೂ ಮೊದಲು ಕೇಳಲ್ಪಡುವುದು ಪಹಣಿ. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಈ ಲೆಕ್ಕವು ‘ಭೂಮಿ’ ಯೋಜನೆಯಿಂದ 2002ರ ವೇಳೆಗೆ ರಾಜ್ಯದಲ್ಲೆಲ್ಲ ಗಣಕಯಂತ್ರವನ್ನು ಸೇರಿತು; ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಹೀಗೆ ಸಂಗ್ರಹವಾದುವು. ತಿದ್ದುವ ಅಧಿಕಾರಿಯು ಬೆರಳಿನ ಗುರುತನ್ನು ಒತ್ತಿಯೇ ಒಳಹೊಗಬೇಕೆಂಬ ನಿಯಮವು ಬಹುವಾಗಿ ಪ್ರಶಂಸಿಸಲ್ಪಟ್ಟಿದೆ. ಅದು ಯುಕ್ತವೇ. ಆದರೆ ಅದು ಬಾಗಿಲಿನ ಕಾವಲು. ಒಳಮನೆಯ ವಿಚಾರವು ಬೇರೆ.

ದತ್ತಸಂಚಯದ ಮೂಲಪ್ರತಿಯು ಡಿಸ್ಕಿನಲ್ಲಿರುವುದು. ಅಲ್ಲಿಂದ ಓದುವುದು ನಿಧಾನವಾದುದರಿಂದ, ಬೇಕಾದ ಪುಟವನ್ನು ಯಂತ್ರದ ಸ್ಮೃತಿಗೆ, ಎಂದರೆ ಮೆಮೊರಿಗೆ, ತಂದಿಟ್ಟುಕೊಳ್ಳಬೇಕು. ಓಲೆಯ ಕಟ್ಟನ್ನು ಪೆಟ್ಟಿಗೆಯಿಂದ ತೆಗೆದು ವ್ಯಾಸಪೀಠದ ಮೇಲೆ ಬಿಚ್ಚಿಟ್ಟಂತೆ. ಸಾಮಾನ್ಯವಾಗಿ ಒಂದೊಂದು ಪ್ರೋಗ್ರಾಮಿಗೂ ಪ್ರತ್ಯೇಕವಾದ ಸ್ಮೃತಿಭಾಗವುಂಟು. ಒಂದು ಮತ್ತೊಂದರದನ್ನು ಓದಲಾರದು. ದತ್ತಸಂಚಯದಲ್ಲಾದರೋ, ನೂರಾರು ಜನರ ಕೋರಿಕೆಗಳನ್ನು ನಡಸುವ ಪ್ರಕ್ರಿಯೆಗಳೆಲ್ಲವೂ ಒಂದೇ ಭಾಗವನ್ನು ಹಂಚಿಕೊಳ್ಳುವುವು. ಇದೇ ಸಮಾನಸ್ಮೃತಿ.

ಡಿಸ್ಕಿನಲ್ಲಿರುವುದನ್ನು ಗೂಢಲಿಪಿಯಲ್ಲಿಟ್ಟರೆ ಸಾಲದೆ ಎಂದು ಶಂಕಿಸಬಹುದು. ಸಾಲದು. ಪುಟವು ಸ್ಮೃತಿಗೆ ಬರುವಾಗ ಆ ಲಿಪಿಯು ಬಿಡಿಸಲ್ಪಡುವುದು; ಬಿಡಿಸುವ ಕೀಲಿಯೂ ಸ್ಮೃತಿಯಲ್ಲಿಯೇ ಇರುವುದು. ಆದುದರಿಂದ ಆ ಭಾಗವನ್ನು ಮುಟ್ಟುವ ಅಧಿಕಾರವನ್ನು ದತ್ತಸಂಚಯದ ಸ್ವಂತ ಪ್ರಕ್ರಿಯೆಗಳಿಗೆ ಮಾತ್ರ ಕೊಟ್ಟು, ಕಚೇರಿಯ ಉಳಿದ ಪ್ರೋಗ್ರಾಮುಗಳು ಅವುಗಳ ಮೂಲಕವೇ ಕೇಳಿ ಪಡೆಯುವಂತೆ ಮಾಡಬೇಕು.

ಅಧಿಕಾರವುಳ್ಳವರಲ್ಲಿಯೂ ಕ್ರಮ ಬೇಕು. ನಾಗಮಂಗಲದ ಒಂದು ಸರ್ವೆ ನಂಬರಿಗೆ ಒಬ್ಬನು ಕ್ರಯದ ಖಾತೆಬದಲಾವಣೆಯನ್ನೂ ಮತ್ತೊಬ್ಬನು ಬ್ಯಾಂಕಿನ ಸಾಲವನ್ನೂ ಏಕಕಾಲದಲ್ಲಿ ಬರೆಯುವರೆಂದು ಊಹಿಸಿದರೆ, ಕಡೆಗೆ ಬರೆದವನ ಪುಟವು ಮತ್ತೊಬ್ಬನ ಬರಹವನ್ನು ಅಳಿಸಿಬಿಡಬಹುದು. ಸಾಲವು ಮರೆಯಾಗಿ ಭೂಮಿಯನ್ನು ಕೊಂಡವನು ಮೋಸಹೋಗುವನು. ಇದಕ್ಕಾಗಿಯೇ ಒಬ್ಬನು ಬರೆದು ಮುಗಿಸುವವರೆಗೆ ಆ ದಾಖಲೆಗೆ ಬೀಗವುಂಟು. ವಿದ್ಯುತ್ತು ನಿಂತರೆ ಸ್ಮೃತಿಯಲ್ಲಿದ್ದುದೆಲ್ಲ ಅಳಿದುಹೋಗುವುದರಿಂದ, ಬದಲಾವಣೆಯು ಸ್ಥಿರವಾಯಿತೆಂದು ಹೇಳುವ ಮೊದಲೇ ಅದನ್ನು ಡಿಸ್ಕಿನ ದಿನಚರಿಯಲ್ಲಿ ಬರೆದಿಡುವುದೂ ವಿಧಿ.

ಇಷ್ಟಾದರೂ ಗೋಡೆಯೇ ಬಿರುಕುಬಿಡಬಹುದು. 2018ರ ಜನವರಿಯಲ್ಲಿ ಪ್ರಕಟವಾದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಇಂಥವು. ಪ್ರೊಸೆಸರು ವೇಗಕ್ಕಾಗಿ ಮುಂದಿನ ಕೆಲಸವನ್ನು ಊಹಿಸಿ ಮಾಡಿಟ್ಟಾಗ ಉಳಿಯುವ ಸೂಕ್ಷ್ಮವಾದ ಗುರುತುಗಳಿಂದ, ಅನ್ಯರ ಸ್ಮೃತಿಯಲ್ಲಿರುವುದನ್ನು ಅನುಮಾನಪ್ರಮಾಣದಿಂದೆಂಬಂತೆ ತಿಳಿಯಬಹುದಾಗಿತ್ತು. ತಿದ್ದುಪಡಿಗಳು ಬಂದುವು, ಕೆಲವು ಕೆಲಸಗಳ ವೇಗವು ಕುಗ್ಗಿತು. ಅದಕ್ಕಾಗಿ ಅವುಗಳನ್ನು ಬಿಟ್ಟುಬಿಡುವುದು ಯುಕ್ತವಲ್ಲ.

ಯಂತ್ರವು ಕೆಟ್ಟು ನಿಂತಾಗ ಪರೀಕ್ಷೆಗಾಗಿ ಸ್ಮೃತಿಯ ನಕಲನ್ನು ಡಿಸ್ಕಿನಲ್ಲಿ ಕಡತವಾಗಿ ತೆಗೆದಿಡುವ ಪದ್ಧತಿಯುಂಟು. ಅದರಲ್ಲಿ ಪಹಣಿಯೂ ಕೀಲಿಯೂ ಬಿಡಿಸಿದ ರೂಪದಲ್ಲಿಯೇ ಇರಬಹುದಾದುದರಿಂದ, ಆ ಕಡತವನ್ನು ದುರಸ್ತಿಗಾರರ ಕೈಗೆ ಕೊಡುವಲ್ಲಿಯೂ ಮೂಲಪ್ರತಿಗೆ ಇರುವಷ್ಟೇ ಕಾವಲು ಇರಬೇಕು.