ಏನು ಕೆಲಸ ಮಾಡ್ತೀರಿ?

ಕೆಲವು ವರ್ಷಗಳ ಹಿಂದಿನ ಮಾತು. ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಮಾಡುವ, ಮೂವತ್ತೈದರ ಆಸುಪಾಸಿನ ಮಹಿಳೆಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬರುತ್ತಿದ್ದರು. ದೂರು ಒಂದೇ. "ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರ ಆಗುತ್ತೆ ಡಾಕ್ಟ್ರೇ. ಎದ್ದು ಕೂತು ಕೈ ಕೊಡವಿದ್ರೆ ಸ್ವಲ್ಪ ಸರಿಹೋಗುತ್ತೆ."

ನಾನು ನೋವಿನ ಮಾತ್ರೆಯನ್ನೂ ವಿಟಮಿನ್ ಮಾತ್ರೆಯನ್ನೂ ಬರೆದುಕೊಟ್ಟೆ. ಹದಿನೈದು ದಿನ ಆರಾಮ, ಆಮೇಲೆ ಮತ್ತೆ ಅದೇ ಕಥೆ. ಹೀಗೆ ಐದು ತಿಂಗಳು ಕಳೆಯಿತು. ಅಷ್ಟರಲ್ಲಿ ನೋವಿನ ಮಾತ್ರೆಯಿಂದ ಹೊಟ್ಟೆಯುರಿ ಶುರುವಾಗಿ, ಅದಕ್ಕೂ ಒಂದು ಮಾತ್ರೆ ಸೇರಿಕೊಂಡಿತು.

ಒಂದು ಸಂಜೆ ಆಕೆ ಅಳುತ್ತಲೇ ಬಂದರು. "ಬಟ್ಟೆ ಹಿಡಿಯೋಕೆ ಆಗ್ತಿಲ್ಲ. ಪೀಸ್ ಕಮ್ಮಿ ಆಯ್ತು ಅಂತ ಸೂಪರ್‌ವೈಸರ್ ಬೈತಾರೆ. ಕೆಲಸ ಬಿಟ್ಬಿಡ್ಲಾ ಡಾಕ್ಟ್ರೇ?" ಮನೆಯಲ್ಲಿ ಓದುವ ಮಕ್ಕಳಿಬ್ಬರು, ದುಡಿಯುವುದು ಈಕೆಯೊಬ್ಬರೇ. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಮೊದಲ ಸಲ ಕೇಳಿದೆ: "ನೀವು ಹೇಗೆ ಕೆಲಸ ಮಾಡ್ತೀರಿ, ಒಂಚೂರು ತೋರಿಸಿ ಅಮ್ಮಾ." ಆಕೆ ಸ್ಟೂಲಿನ ಮೇಲೆ ಕುಳಿತು, ನನ್ನ ಮೇಜನ್ನೇ ಹೊಲಿಗೆ ಯಂತ್ರವೆಂದುಕೊಂಡು ತೋರಿಸಿದರು. ಕುತ್ತಿಗೆ ಮುಂದಕ್ಕೆ ಬಾಗಿತ್ತು, ಬೆನ್ನಿಗೆ ಆಸರೆಯಿಲ್ಲ, ಎರಡೂ ಮಣಿಕಟ್ಟುಗಳು ಮೇಲಕ್ಕೆ ಮಡಿಚಿಕೊಂಡಿದ್ದವು. ದಿನಕ್ಕೆ ಎಂಟು ಗಂಟೆ, ನಡುವೆ ಊಟಕ್ಕೆ ಅರ್ಧ ಗಂಟೆ. ಐದು ತಿಂಗಳಿಂದ ನಾನು ಹುಡುಕದೆ ಇದ್ದ ಕಾರಣ ಅರ್ಧ ನಿಮಿಷದಲ್ಲಿ ಕಣ್ಣೆದುರಿಗಿತ್ತು.

ಮಣಿಕಟ್ಟಿನ ಸುರಂಗ

ನಮ್ಮ ಮಣಿಕಟ್ಟಿನಲ್ಲಿ ಮೂಳೆಗಳೂ ಅವುಗಳ ಮೇಲೆ ಹಾದುಹೋಗುವ ಗಟ್ಟಿಯಾದ ಪಟ್ಟಿಯೂ ಸೇರಿ ಒಂದು ಕಿರಿದಾದ ಸುರಂಗವಿದೆ. ಬೆರಳುಗಳನ್ನು ಮಡಿಚುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಇದರೊಳಗೆ ಸಾಗುತ್ತವೆ. ಮಣಿಕಟ್ಟನ್ನು ಮಡಿಚಿಟ್ಟುಕೊಂಡು ಒಂದೇ ಚಲನೆಯನ್ನು ದಿನವಿಡೀ ಸಾವಿರಾರು ಬಾರಿ ಮಾಡಿದರೆ ಒಳಗೆ ಒತ್ತಡ ಹೆಚ್ಚಿ ನರ ಅದುಮಿಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇದಕ್ಕೆ ಕಾರ್ಪಲ್ ಟನೆಲ್ ಸಿಂಡ್ರೋಮ್ ಎಂದು ಹೆಸರು. ಮಧುಮೇಹ, ಥೈರಾಯಿಡ್ ಕೊರತೆ, ಬಸಿರಿನ ದಿನಗಳಲ್ಲಿಯೂ ಇದು ಬರುತ್ತದೆ. ಆದ್ದರಿಂದ ರಕ್ತಪರೀಕ್ಷೆಯೂ ಬೇಕು.

ರಾತ್ರಿ ಮಣಿಕಟ್ಟನ್ನು ನೇರವಾಗಿರಿಸುವ ಪಟ್ಟಿ ಕಟ್ಟಿಸಿದೆ. ಆದರೆ ಹಗಲಿನ ಕೆಲಸ ಹಾಗೆಯೇ ಇದ್ದರೆ ರಾತ್ರಿಯ ಪಟ್ಟಿ ಎಷ್ಟು ಮಾಡೀತು? ಕಾರ್ಖಾನೆಗೆ ಒಂದು ಪತ್ರ ಬರೆದುಕೊಟ್ಟೆ. ಉತ್ತರ ಬರಲಿಲ್ಲ. ಎರಡನೆಯ ಬಾರಿ ಆಕೆ ಒಬ್ಬರೇ ಹೋಗಲಿಲ್ಲ, ಅದೇ ಸಾಲಿನಲ್ಲಿ ಅದೇ ತೊಂದರೆಯಿದ್ದ ಇನ್ನೂ ನಾಲ್ವರನ್ನು ಕರೆದುಕೊಂಡು ಹೋದರು. ಆಗ ಬೆನ್ನಾಸರೆಯ, ಎತ್ತರ ಬದಲಿಸಬಹುದಾದ ಆಸನಗಳು ಬಂದವು, ದಿನ ಬಿಟ್ಟು ದಿನ ಬೇರೆ ಬೇರೆ ಕೆಲಸ ಕೊಡಲು ಒಪ್ಪಿದರು. ಎರಡು ತಿಂಗಳಲ್ಲಿ ಆಕೆಯ ರಾತ್ರಿಯ ನಿದ್ದೆ ಮರಳಿತು.

ಆದರೆ ಆ ನಾಲ್ವರಲ್ಲಿ ಒಬ್ಬರ ಹೆಬ್ಬೆರಳಿನ ಬುಡದ ಮಾಂಸಖಂಡ ಆಗಲೇ ಸೊರಗಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿದರೂ ಹಿಡಿತ ಪೂರ್ತಿಯಾಗಿ ಬರಲಿಲ್ಲ. ಹಿಂದಿನ ವರ್ಷ ಎರಡು ಬಾರಿ ಅವರೂ ನನ್ನಲ್ಲಿಗೆ ಬಂದು ಮಾತ್ರೆ ಒಯ್ದಿದ್ದರು. ಅವರನ್ನೂ ನಾನು ಏನು ಕೆಲಸವೆಂದು ಕೇಳಿರಲಿಲ್ಲ.

ಹಳೆಯ ಪ್ರಶ್ನೆ

ಈ ಪ್ರಶ್ನೆ ಹೊಸದೇನಲ್ಲ. ಇಟಲಿಯ ಮೊಡೆನಾದಲ್ಲಿ ಬರ್ನಾರ್ಡಿನೊ ರಮಾಝಿನಿ ಎಂಬ ವೈದ್ಯನಿದ್ದ. ತನ್ನ ಮನೆಯ ಮಲದ ಗುಂಡಿಯನ್ನು ಖಾಲಿ ಮಾಡುತ್ತಿದ್ದ ಕೆಲಸಗಾರನನ್ನು ಆತ, ಇಷ್ಟೇಕೆ ಅವಸರ ಎಂದು ಕೇಳಿದನಂತೆ. ಒಳಗೆ ಹೆಚ್ಚು ಹೊತ್ತು ಇದ್ದರೆ ಕಣ್ಣೇ ಹೋಗುತ್ತದೆ ಎಂಬ ಉತ್ತರ ಅವನನ್ನು ಯೋಚನೆಗೆ ಹಚ್ಚಿತು. ಕುಶಲಕರ್ಮಿಗಳ ರೋಗಗಳನ್ನು ಕುರಿತ ಅವನ ಗ್ರಂಥ 1700ರಲ್ಲಿ ಹೊರಬಂತು. ರೋಗಿಯನ್ನು ಕೇಳುವ ಪ್ರಶ್ನೆಗಳ ಜತೆಗೆ 'ನಿನ್ನ ಕೆಲಸವೇನು' ಎಂಬುದನ್ನೂ ಸೇರಿಸಬೇಕೆಂದು ಅವನು ಹೇಳಿದ. ಆ ಗ್ರಂಥದಲ್ಲಿ ದರ್ಜಿಗಳ ಬೆನ್ನುಬಾಗಿನ ಮಾತೂ ಇದೆ.

ಈ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆಂದು ತಿಳಿಯಲು ನಮ್ಮ ನಾಡಿನಿಂದ ಹೊರಗೆ ಹೋಗಬೇಕಿಲ್ಲ. ಕಲ್ಲಿನ ದೂಳು ಶ್ವಾಸಕೋಶ ಸೇರಿ ಬರುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. ಗಣಿ 2001ರಲ್ಲಿ ಮುಚ್ಚಿತು, ಕಾಯಿಲೆ ಮುಚ್ಚಲಿಲ್ಲ. ಕಲ್ಲು ಒಡೆಯುವ, ಕಲ್ಲು ಕೊರೆಯುವ ಕಾರ್ಮಿಕರಲ್ಲಿ ಇಂದೂ ಇದೆ. ಕೆಮ್ಮು, ಉಬ್ಬಸ, ತೂಕ ಇಳಿಯುವುದು ಕಂಡಾಗ ಇದನ್ನು ಕ್ಷಯವೆಂದೇ ತಿಳಿದು ಚಿಕಿತ್ಸೆ ಕೊಡುವ ಪ್ರಸಂಗಗಳುಂಟು. ಎರಡೂ ಒಟ್ಟಿಗೇ ಇರುವುದೂ ಉಂಟು. ಕೆಲಸ ಯಾವುದೆಂದು ತಿಳಿಯದೆ ಎಕ್ಸ್-ರೇಯನ್ನು ಸರಿಯಾಗಿ ಓದುವುದು ಕಷ್ಟ.

ನಲವತ್ತರ ಮೇಲೆ ವಿದ್ಯಾರ್ಥಿ

ಎಂ.ಬಿ.ಬಿ.ಎಸ್. ಓದುವಾಗ ಈ ವಿಷಯಕ್ಕೆ ನಮಗೆ ಪುಸ್ತಕದಲ್ಲಿ ಒಂದು ಅಧ್ಯಾಯವಿತ್ತು, ಪರೀಕ್ಷೆ ಮುಗಿದ ಮೇಲೆ ಮರೆತೆವು. ಆ ಘಟನೆಯ ನಂತರ, ನಲವತ್ತೆರಡನೆಯ ವಯಸ್ಸಿನಲ್ಲಿ, ಚಿಕಿತ್ಸಾಲಯವನ್ನು ಗೆಳೆಯರಿಗೆ ವಹಿಸಿ ನಾನು ಮತ್ತೆ ಪಾಠಕ್ಕೆ ಕುಳಿತೆ. ಎಂ.ಬಿ.ಬಿ.ಎಸ್. ಆದವರಿಗಾಗಿ ಅಸೋಸಿಯೇಟ್ ಫೆಲೋ ಆಫ್ ಇಂಡಸ್ಟ್ರಿಯಲ್ ಹೆಲ್ತ್ ಎಂಬ ಮೂರು ತಿಂಗಳ ಶಿಕ್ಷಣವಿದೆ. ಮುಂಬಯಿಯ ಕೇಂದ್ರ ಕಾರ್ಮಿಕ ಸಂಸ್ಥೆಯಲ್ಲೂ ಮಾನ್ಯತೆ ಪಡೆದ ಇತರ ಕೆಲವು ಸಂಸ್ಥೆಗಳಲ್ಲೂ ಇದನ್ನು ಕಲಿಸುತ್ತಾರೆ. ಎಂಜಿನಿಯರುಗಳಿಗೆ ಕೈಗಾರಿಕಾ ಸುರಕ್ಷತೆಯ ಒಂದು ವರ್ಷದ ಡಿಪ್ಲೊಮಾ ಇದೆ. ಐಐಟಿ ಮುಂಬಯಿ, ಐಐಟಿ ಗುವಾಹಟಿಗಳ ವಿನ್ಯಾಸ ವಿಭಾಗಗಳಲ್ಲಿ ಎರ್ಗೊನಾಮಿಕ್ಸ್ ಕಲಿಯಬಹುದು.

ಎರ್ಗೊನಾಮಿಕ್ಸ್ ಎಂದರೆ ಕೆಲಸಕ್ಕೆ ತಕ್ಕಂತೆ ಮನುಷ್ಯನನ್ನು ಬಗ್ಗಿಸುವ ಬದಲು, ಮನುಷ್ಯನಿಗೆ ತಕ್ಕಂತೆ ಕೆಲಸವನ್ನು ಹೊಂದಿಸುವ ಶಾಸ್ತ್ರ. ಅದಕ್ಕೆ ಮೊದಲು ಮನುಷ್ಯನ ಅಳತೆ ಗೊತ್ತಿರಬೇಕು. ನಮ್ಮ ದೇಶದ ಗಂಡಸರ, ಹೆಂಗಸರ ದೇಹದ ಅಳತೆಗಳ ಸಂಗ್ರಹವೊಂದನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿತು. ಎತ್ತರದ ಆಳಿಗೆಂದು ಮಾಡಿದ ಕುರ್ಚಿಯಲ್ಲಿ ಐದಡಿಯ ಹೆಣ್ಣುಮಗಳು ಕುಳಿತರೆ ಕಾಲು ನೇತಾಡುವುದು ಅವಳ ತಪ್ಪಲ್ಲ.

ಅಲ್ಲಿ ಕಲಿತ ಇನ್ನೊಂದು ಪಾಠವೆಂದರೆ ಪರಿಹಾರಗಳನ್ನು ಹುಡುಕುವ ಕ್ರಮ. ಅಪಾಯವನ್ನೇ ತೆಗೆದುಹಾಕಲು ಸಾಧ್ಯವೇ ಎಂದು ಮೊದಲು ನೋಡಬೇಕು. ಆಗದಿದ್ದರೆ ಕಡಿಮೆ ಅಪಾಯದ ವಸ್ತುವನ್ನು ಬಳಸಬೇಕು. ಅದೂ ಆಗದಿದ್ದರೆ ಯಂತ್ರದಲ್ಲಿ, ಜಾಗದಲ್ಲಿ ಬದಲಾವಣೆ ಮಾಡಬೇಕು. ಕಲ್ಲು ಕೊರೆಯುವಾಗ ನೀರು ಹಾಯಿಸಿ ದೂಳು ಏಳದಂತೆ ಮಾಡುವುದು ಇಂಥದ್ದು. ನಂತರ ಪಾಳಿ, ವಿರಾಮಗಳ ಹೊಂದಾಣಿಕೆ. ಮೂಗಿನ ಮುಸುಕು, ಕೈಗವಸುಗಳು ಕಟ್ಟಕಡೆಗೆ. ನಾವು ಸಾಮಾನ್ಯವಾಗಿ ಕೊನೆಯದನ್ನೇ ಮೊದಲು ಮಾಡಿ ಕೈತೊಳೆದುಕೊಳ್ಳುತ್ತೇವೆ.

ಹೊಲಿಗೆಯವರಿಗೆ ಕೆಲವು ಕಿವಿಮಾತು

1. ಪಾದ ಪೂರ್ತಿಯಾಗಿ ಪೆಡಲಿನ ಮೇಲೆ ಊರುವಂತೆ, ಮೊಣಕೈ ಹೆಚ್ಚುಕಡಿಮೆ ಮೇಜಿನ ಮಟ್ಟಕ್ಕೆ ಬರುವಂತೆ ಆಸನದ ಎತ್ತರವನ್ನು ಹೊಂದಿಸಿಕೊಳ್ಳಿ. ಬೆನ್ನಿಗೆ ಆಸರೆ ಇರಲಿ.

2. ಸೂಜಿಯ ಬಳಿ ಒಳ್ಳೆಯ ಬೆಳಕು ಬೀಳಲಿ. ಮಂದ ಬೆಳಕಿನಲ್ಲಿ ಕುತ್ತಿಗೆ ತಾನಾಗಿಯೇ ಬಾಗುತ್ತದೆ.

3. ಕತ್ತರಿಗೆ ಸಾಣೆ ಹಿಡಿಸಿ. ಮೊಂಡು ಕತ್ತರಿಯ ಬೆಲೆಯನ್ನು ಮಣಿಕಟ್ಟು ತೆರಬೇಕಾಗುತ್ತದೆ.

4. ಗಂಟೆಗೊಮ್ಮೆ ಎರಡು ನಿಮಿಷವಾದರೂ ಎದ್ದು ನಿಂತು ಕೈ, ಕುತ್ತಿಗೆ ಸಡಿಲಿಸಿ.

5. ಶೌಚಕ್ಕೆ ಏಳಬೇಕಾಗುತ್ತದೆಂದು ನೀರು ಕುಡಿಯದೆ ಇರಬೇಡಿ. ಹೀಗೆ ಮಾಡಿ ಮೂತ್ರದ ಸೋಂಕು ತಂದುಕೊಳ್ಳುವ ಹೆಣ್ಣುಮಕ್ಕಳನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ.

6. ಜೋಮು ಎರಡು ವಾರ ಮೀರಿದರೆ, ಕೈಯಿಂದ ವಸ್ತುಗಳು ಜಾರತೊಡಗಿದರೆ ವೈದ್ಯರನ್ನು ಕಾಣಿ. ಅಂಗಡಿಯಿಂದ ನೀವೇ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆಗೂ ಮೂತ್ರಪಿಂಡಕ್ಕೂ ಅದು ಕೆಡುಕು.

ವೈದ್ಯರ ಬಳಿ ಹೋದಾಗ ನಿಮ್ಮ ಕೆಲಸವೇನು, ದಿನಕ್ಕೆ ಎಷ್ಟು ಹೊತ್ತು, ಹೇಗೆ ಕೂರುತ್ತೀರಿ ಅಥವಾ ನಿಲ್ಲುತ್ತೀರಿ, ಏನನ್ನು ಎತ್ತುತ್ತೀರಿ, ಯಾವ ದೂಳು ಕುಡಿಯುತ್ತೀರಿ ಎಂಬುದನ್ನು ತಿಳಿಸಿ. ರಜೆಯ ದಿನ ನೋವು ಕಡಿಮೆಯಾಗುತ್ತದೆಯೇ ಎಂಬುದನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ. ನನ್ನಂಥವರು ಕೇಳಲು ಮರೆತಿರುತ್ತೇವೆ.