ಹಳೆಯ ನಾದಕ್ಕೆ ಹೊಸ ಮಾರುಕಟ್ಟೆ: ಫಂಕ್ ಧ್ವನಿಮುದ್ರಿಕೆಗಳ ಮರುಬಿಡುಗಡೆ ಮತ್ತು ಸಂಗ್ರಹ

ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಸರಕನ್ನು ವರ್ತಕರು ಸತ್ತ ದಾಸ್ತಾನು ಎಂದು ಕರೆಯುವುದು ವಾಡಿಕೆ. ಅಂತಹ ಸರಕು ಮತ್ತೆ ಜೀವ ತಳೆದು, ಮೊದಲ ಬೆಲೆಗಿಂತ ಹಲವು ಪಟ್ಟು ಬೆಲೆಗೆ ಕೈ ಬದಲಾಯಿಸುವುದು ವ್ಯಾಪಾರ ಪ್ರಪಂಚದಲ್ಲಿ ಅಪರೂಪದ ಸಂಗತಿ. 1960ರ ದಶಕದ ಕೊನೆಯಿಂದ 1980ರ ದಶಕದ ಮಧ್ಯದವರೆಗೆ ಅಮೆರಿಕ, ಆಫ್ರಿಕ ಹಾಗೂ ನಮ್ಮ ದೇಶದಲ್ಲಿಯೂ ಸಿದ್ಧವಾದ ಫಂಕ್ ಮತ್ತು ಅದರ ಬಳಗಕ್ಕೆ ಸೇರಿದ ನೃತ್ಯ ಸಂಗೀತದ ಧ್ವನಿಮುದ್ರಿಕೆಗಳು ಇದಕ್ಕೆ ಉತ್ತಮ ನಿದರ್ಶನವಾಗಿವೆ. ಇವುಗಳನ್ನು ಹುಡುಕಿ, ಹಕ್ಕು ಪಡೆದು, ಮತ್ತೆ ಮುದ್ರಿಸಿ ಮಾರುವ ಕಾರ್ಯವು ಇಂದು ಒಂದು ಸಣ್ಣ ಆದರೆ ಸ್ಥಿರವಾದ ಉದ್ದಿಮೆಯಾಗಿ ಬೆಳೆದಿದೆ.

ಗ್ರಾಮಫೋನ್ ತಟ್ಟೆಯ ಕಾಲ ಮುಗಿಯಿತೆಂದು ಭಾವಿಸಿದವರಿಗೆ ಅಂಕಿ-ಅಂಶಗಳು ಬೇರೆಯದನ್ನೇ ಹೇಳುತ್ತವೆ. ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘದ ಲೆಕ್ಕದಂತೆ 2022ರಲ್ಲಿ ಆ ದೇಶದಲ್ಲಿ ಸುಮಾರು 4.1 ಕೋಟಿ ವಿನೈಲ್ ತಟ್ಟೆಗಳು ಮಾರಾಟವಾದರೆ, ಸಿ.ಡಿ.ಗಳು ಮಾರಾಟವಾದದ್ದು ಸುಮಾರು 3.3 ಕೋಟಿ. 1987ರ ನಂತರ ತಟ್ಟೆಯು ಸಂಖ್ಯೆಯಲ್ಲಿ ಸಿ.ಡಿ.ಯನ್ನು ಮೀರಿದ್ದು ಅದೇ ಮೊದಲು. 2023ರಲ್ಲಿ ಅಲ್ಲಿನ ವಿನೈಲ್ ವಹಿವಾಟು ಸುಮಾರು 140 ಕೋಟಿ ಡಾಲರ್ ಮುಟ್ಟಿತು. ಇದರಲ್ಲಿ ದೊಡ್ಡ ಪಾಲು ಇಂದಿನ ಜನಪ್ರಿಯ ಗಾಯಕರದೇ ಆದರೂ, ಹಳೆಯ ಸಂಗೀತದ ಮರುಬಿಡುಗಡೆಗೂ ಅದೇ ಯಂತ್ರಗಳು, ಅದೇ ಅಂಗಡಿಗಳು ಆಧಾರವಾಗಿವೆ.

ಫಂಕ್ ಎಂದರೇನು?

ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಮತ್ತು ಅವರ ವಾದ್ಯವೃಂದದವರು 1960ರ ದಶಕದ ಮಧ್ಯಭಾಗದಲ್ಲಿ ರೂಪಿಸಿದ ಶೈಲಿಯಿದು. ಇಲ್ಲಿ ರಾಗದ ಏರಿಳಿತಕ್ಕಿಂತ ಲಯಕ್ಕೆ ಪ್ರಾಧಾನ್ಯ ಹೆಚ್ಚು. ನಮ್ಮ ತಾಳದಲ್ಲಿ ಸಮಕ್ಕೆ ಇರುವ ಮಹತ್ತ್ವದಂತೆಯೇ ಇಲ್ಲಿ ಆವರ್ತದ ಮೊದಲ ಪೆಟ್ಟಿಗೆ ಒತ್ತು. ಗಿಟಾರು, ಡ್ರಮ್ಮು, ತುತ್ತೂರಿಗಳೆಲ್ಲವೂ ಆ ಪೆಟ್ಟಿನ ಸುತ್ತ ಹೆಣೆದುಕೊಳ್ಳುತ್ತವೆ. ನೈಜೀರಿಯಾದಲ್ಲಿ ಫೆಲಾ ಕುಟಿ ಮತ್ತು ಡ್ರಮ್ ವಾದಕ ಟೋನಿ ಅಲೆನ್ ಇದನ್ನು ತಮ್ಮ ನಾಡಿನ ಲಯಗಳೊಡನೆ ಬೆರೆಸಿ ಆಫ್ರೋಬೀಟ್ ಎಂಬ ಹೊಸ ಪ್ರಕಾರಕ್ಕೆ ಕಾರಣರಾದರು. ಬೆನಿನ್, ಘಾನಾ, ಇಥಿಯೋಪಿಯ ಮುಂತಾದ ದೇಶಗಳಲ್ಲಿಯೂ ಸ್ಥಳೀಯ ಸಂಗೀತವು ಇದರೊಡನೆ ಕೂಡಿ ತನ್ನದೇ ಆದ ರೂಪಗಳನ್ನು ಪಡೆಯಿತು.

ವರ್ತಕರೇ ಪ್ರಕಾಶಕರು

ಈ ಸಂಗೀತವನ್ನು ತಟ್ಟೆಗೆ ತಂದವರಲ್ಲಿ ಅನೇಕರು ನಮ್ಮ ಓದುಗರಂತೆ ಸಣ್ಣ ವರ್ತಕರು ಮತ್ತು ತಯಾರಕರೇ ಆಗಿದ್ದರು. ಇಥಿಯೋಪಿಯದ ರಾಜಧಾನಿ ಆಡಿಸ್ ಅಬಾಬಾದಲ್ಲಿ ಧ್ವನಿಮುದ್ರಿಕೆಗಳ ಅಂಗಡಿ ನಡೆಸುತ್ತಿದ್ದ ಅಮ್ಹಾ ಎಷೆಟೆ ಎಂಬ ತರುಣ ವ್ಯಾಪಾರಿ 1969ರಲ್ಲಿ, ಸರ್ಕಾರದ ಏಕಸ್ವಾಮ್ಯವನ್ನು ಲೆಕ್ಕಿಸದೆ, ಸ್ವಂತ ಸಂಸ್ಥೆಯನ್ನು ಆರಂಭಿಸಿದರು. ಗಾಯಕ ಅಲೆಮಯೆಹು ಎಷೆಟೆಯವರ ಹಾಡನ್ನು ಮುದ್ರಿಸಿಕೊಂಡು, ಅದರ ತಟ್ಟೆಗಳನ್ನು ಅವರು ಮಾಡಿಸಿ ತರಿಸಿದ್ದು ಭಾರತದಿಂದ ಎಂಬುದು ನಮಗೆ ವಿಶೇಷವಾಗಿ ಗಮನಾರ್ಹ. 1975ರವರೆಗೆ ನೂರಕ್ಕೂ ಹೆಚ್ಚು ಕಿರುತಟ್ಟೆಗಳನ್ನು ಹೊರತಂದ ಈ ಸಂಸ್ಥೆಯು, ಸೈನಿಕ ಆಡಳಿತ ಬಂದ ಮೇಲೆ ಮಾಲೀಕರು ದೇಶ ತೊರೆಯಬೇಕಾದುದರಿಂದ ನಿಂತುಹೋಯಿತು. ಫ್ರಾನ್ಸಿನ ಸಂಶೋಧಕ ಫ್ರಾನ್ಸಿಸ್ ಫಾಲ್ಸೆಟೊ ಅವರು 1990ರ ದಶಕದ ಕೊನೆಯಲ್ಲಿ ಆರಂಭಿಸಿದ 'ಎಥಿಯೋಪಿಕ್ಸ್' ಮಾಲಿಕೆಯ ಮೂಲಕವೇ ಈ ಸಂಗೀತವು ಹೊರಜಗತ್ತಿಗೆ ಪರಿಚಯವಾಯಿತು.

ನೈಜೀರಿಯಾದ ಎನುಗು ನಗರದ ವಿಲಿಯಂ ಒನ್ಯೆಯಾಬೋರ್ ಅವರ ವೃತ್ತಾಂತವು ಇನ್ನೂ ಸ್ವಾರಸ್ಯಕರ. 1977ರಿಂದ 1985ರ ಅವಧಿಯಲ್ಲಿ ಎಂಟು ಧ್ವನಿಮುದ್ರಿಕೆಗಳನ್ನು ತಾವೇ ಹಾಡಿ, ತಮ್ಮದೇ ಸ್ಟುಡಿಯೋದಲ್ಲಿ ಮುದ್ರಿಸಿ, ತಮ್ಮದೇ ಕಾರ್ಖಾನೆಯಲ್ಲಿ ತಟ್ಟೆ ಮಾಡಿ ಮಾರಿದ ಅವರು, ಅನಂತರ ಸಂಗೀತವನ್ನು ಸಂಪೂರ್ಣವಾಗಿ ತ್ಯಜಿಸಿ ಹಿಟ್ಟಿನ ಗಿರಣಿಯ ಒಡೆಯರಾಗಿ ಬಾಳಿದರು. ಅಮೆರಿಕದ ಲುವಾಕಾ ಬಾಪ್ ಸಂಸ್ಥೆಯು ಹಲವು ವರ್ಷಗಳ ಪ್ರಯತ್ನದ ನಂತರ ಅವರ ಒಪ್ಪಿಗೆ ಪಡೆದು 2013ರಲ್ಲಿ ಆಯ್ದ ಗೀತೆಗಳನ್ನು ಹೊರತಂದಾಗ, ತಮ್ಮ ಹಳೆಯ ಹಾಡುಗಳ ಬಗ್ಗೆ ಮಾತನಾಡಲು ಸಹ ಅವರಿಗೆ ಆಸಕ್ತಿಯಿರಲಿಲ್ಲ. 2017ರಲ್ಲಿ ಅವರು ನಿಧನರಾದರು.

ಮರುಬಿಡುಗಡೆಯ ಕ್ಷೇತ್ರದಲ್ಲಿ ಇಂದು ಹೆಸರಾಗಿರುವ ಸಂಸ್ಥೆಗಳೂ ಸಣ್ಣ ಬಂಡವಾಳದಿಂದಲೇ ಆರಂಭವಾದವು. ಬ್ರಿಟನ್ನಿನಲ್ಲಿ 1999ರಲ್ಲಿ ಸ್ಟ್ರಟ್, 2002ರಲ್ಲಿ ಸೌಂಡ್‌ವೇ. ಶಿಕಾಗೊ ನಗರದಲ್ಲಿ 2003ರಲ್ಲಿ ನ್ಯೂಮೆರೊ ಗ್ರೂಪ್. ಜರ್ಮನಿಯಲ್ಲಿ 2006ರಲ್ಲಿ ಅನಲಾಗ್ ಆಫ್ರಿಕ ಸ್ಥಾಪನೆಗೊಂಡವು. ನ್ಯೂಮೆರೊ ಸಂಸ್ಥೆಯ ಮೊದಲ ಪ್ರಕಟಣೆಯು ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ 1970ರ ದಶಕದ ಆರಂಭದಲ್ಲಿ ನಡೆದು ಮುಚ್ಚಿಹೋದ ಕ್ಯಾಪ್‌ಸೋಲ್ ಎಂಬ ಪುಟ್ಟ ಕಂಪನಿಯ ಹಾಡುಗಳ ಸಂಕಲನವಾಗಿತ್ತು.

ತಯಾರಿಕೆಯ ಹಂತಗಳು

ಮರುಬಿಡುಗಡೆಯ ಮೊದಲ ಹಂತ ಮೂಲ ಟೇಪಿನ ಶೋಧ. ದಶಕಗಳ ಕಾಲ ತೇವದಲ್ಲಿ ಬಿದ್ದಿದ್ದ ಟೇಪಿನ ಲೇಪನವು ಅಂಟಾಗಿ ಬಿಡುವುದರಿಂದ, ಅಂತಹ ಟೇಪನ್ನು 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಮೃದುವಾದ ಶಾಖದಲ್ಲಿ ಹಲವು ತಾಸುಗಳ ಕಾಲ ಇರಿಸಿ, ಅನಂತರ ಪ್ರತಿ ತೆಗೆಯಲಾಗುತ್ತದೆ. ಟೇಪೇ ಇಲ್ಲವಾದಲ್ಲಿ ಸುಸ್ಥಿತಿಯಲ್ಲಿರುವ ಹಳೆಯ ತಟ್ಟೆಯಿಂದ ಧ್ವನಿಯನ್ನು ಪಡೆದು ಶುದ್ಧಗೊಳಿಸಬೇಕಾಗುತ್ತದೆ. ಬಳಿಕ ಮೆರುಗೆಣ್ಣೆ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೆರೆ ಕೊರೆದು, ಅದಕ್ಕೆ ವಿದ್ಯುಲ್ಲೇಪನದ ಮೂಲಕ ನಿಕ್ಕಲ್ ಹೊದಿಸಿ ಅಚ್ಚುಗಳನ್ನು ಪಡೆಯುತ್ತಾರೆ. ಎರಡು ಅಚ್ಚುಗಳ ನಡುವೆ ಬಿಸಿಯಾದ ಪಿ.ವಿ.ಸಿ. ಮುದ್ದೆಯನ್ನಿಟ್ಟು ಒತ್ತಿದರೆ ಸುಮಾರು ಅರ್ಧ ನಿಮಿಷದಲ್ಲಿ ಒಂದು ತಟ್ಟೆ ಸಿದ್ಧ. ಮರುಬಿಡುಗಡೆಯ ಮುದ್ರಣವು ಅನೇಕ ವೇಳೆ ಒಂದೆರಡು ಸಾವಿರ ಪ್ರತಿಗಳನ್ನು ಮೀರುವುದಿಲ್ಲ.

ಈ ಸರಪಳಿಯು ಎಷ್ಟು ಸೂಕ್ಷ್ಮವಾದುದೆಂಬುದು 2020ರ ಫೆಬ್ರವರಿಯಲ್ಲಿ ವ್ಯಕ್ತವಾಯಿತು. ಮೆರುಗೆಣ್ಣೆಯ ತಟ್ಟೆಗಳನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ, ಇಡೀ ಪ್ರಪಂಚಕ್ಕೆ ಆ ಕಚ್ಚಾವಸ್ತುವನ್ನು ಒದಗಿಸಲು ಜಪಾನಿನ ಒಂದೇ ಸಂಸ್ಥೆ ಉಳಿಯಿತು. ಒಬ್ಬನೇ ಪೂರೈಕೆದಾರನನ್ನು ನಂಬಿದ ಉದ್ಯಮಕ್ಕೆ ಇದೊಂದು ಎಚ್ಚರಿಕೆಯ ಗಂಟೆ.

ಬೆಲೆ ಯಾರಿಗೆ ಸಲ್ಲುತ್ತದೆ?

ಈ ವ್ಯಾಪಾರದ ಮರ್ಮ ಇರುವುದು ಇಲ್ಲಿಯೇ. ಅಪರೂಪದ ಮೂಲ ತಟ್ಟೆಯೊಂದು ಒಬ್ಬ ಸಂಗ್ರಾಹಕನಿಂದ ಮತ್ತೊಬ್ಬನಿಗೆ 40,000 ರೂಪಾಯಿಗೆ ಮಾರಾಟವಾಯಿತೆಂದು ಭಾವಿಸೋಣ. ಅದರಲ್ಲಿ ಹಾಡಿದವರಿಗಾಗಲಿ, ನುಡಿಸಿದವರಿಗಾಗಲಿ, ಬಂಡವಾಳ ಹೂಡಿದ ಮೂಲ ಕಂಪನಿಗಾಗಲಿ ಒಂದು ಕಾಸೂ ಸಲ್ಲುವುದಿಲ್ಲ. ಅದೇ ಧ್ವನಿಮುದ್ರಿಕೆಯ ಅಧಿಕೃತ ಮರುಬಿಡುಗಡೆಯನ್ನು ಎರಡು-ಮೂರು ಸಾವಿರ ರೂಪಾಯಿಗೆ ಕೊಂಡರೆ, ಒಪ್ಪಂದದಂತೆ ಅದರ ಒಂದು ಪಾಲು ಹಕ್ಕುದಾರರಿಗೆ ತಲಪುತ್ತದೆ. ಕೃತಿಚೌರ್ಯದ ಪ್ರತಿ ಎಷ್ಟೇ ಅಂದವಾಗಿದ್ದರೂ ಈ ಕೊಂಡಿಯನ್ನು ಕಡಿದುಹಾಕುತ್ತದೆ.

ಕೊಂಡಿ ಉಳಿದಾಗ ಏನಾಗುತ್ತದೆಂಬುದಕ್ಕೆ ಇಥಿಯೋಪಿಯದ ಹೈಲು ಮೆರ್ಗಿಯಾ ಸಾಕ್ಷಿ. ವಾಲಿಯಾಸ್ ವಾದ್ಯವೃಂದದೊಡನೆ ಅಮೆರಿಕಕ್ಕೆ ಬಂದು ಅಲ್ಲಿಯೇ ನೆಲೆಸಿದ ಅವರು ವಾಷಿಂಗ್ಟನ್ನಿನಲ್ಲಿ ಟ್ಯಾಕ್ಸಿ ಓಡಿಸಿ ಜೀವನ ಸಾಗಿಸುತ್ತಿದ್ದರು. 1985ರ ಅವರ ಕ್ಯಾಸೆಟ್ಟನ್ನು 2013ರಲ್ಲಿ ಮರುಬಿಡುಗಡೆ ಮಾಡಿದ ಆಸಮ್ ಟೇಪ್ಸ್ ಫ್ರಂ ಆಫ್ರಿಕ ಸಂಸ್ಥೆಯು ಲಾಭವನ್ನು ಕಲಾವಿದರೊಡನೆ ಸಮಪಾಲಾಗಿ ಹಂಚಿಕೊಳ್ಳುವ ನಿಯಮವನ್ನು ಪಾಲಿಸುತ್ತದೆ. ಆ ಪ್ರಕಟಣೆಯ ಬೆನ್ನಿಗೆ ಮೆರ್ಗಿಯಾ ಮತ್ತೆ ವೇದಿಕೆ ಏರಿದರು. 2018ರಲ್ಲಿ ಹೊಸ ಧ್ವನಿಮುದ್ರಿಕೆಯನ್ನೂ ಹೊರತಂದರು.

ಕೊಂಡಿ ಇಲ್ಲದಾಗ ಏನಾಗುತ್ತದೆಂಬುದಕ್ಕೆ ಜೇಮ್ಸ್ ಬ್ರೌನ್ ತಂಡದ ಡ್ರಮ್ ವಾದಕ ಕ್ಲೈಡ್ ಸ್ಟಬಲ್‌ಫೀಲ್ಡ್ ಸಾಕ್ಷಿ. 1970ರಲ್ಲಿ ಬಿಡುಗಡೆಯಾದ 'ಫಂಕಿ ಡ್ರಮ್ಮರ್' ಎಂಬ ತಟ್ಟೆಯಲ್ಲಿ ಅವರು ನುಡಿಸಿದ ಕೆಲವೇ ಕ್ಷಣಗಳ ಲಯವನ್ನು ಮುಂದಿನ ತಲೆಮಾರಿನವರು ನೂರಾರು ಹಾಡುಗಳಲ್ಲಿ ಬಳಸಿಕೊಂಡರು. ಆದರೆ ಕಾಗದಪತ್ರಗಳಲ್ಲಿ ಅವರ ಹೆಸರಿನಲ್ಲಿ ಯಾವ ಹಕ್ಕೂ ಇರದ ಕಾರಣ, ಆ ಬಳಕೆಯಿಂದ ಅವರಿಗೆ ಗೌರವಧನ ದೊರೆಯಲಿಲ್ಲ.

ಭಾರತದ ಉದಾಹರಣೆಗಳು

ನಮ್ಮ ದೇಶದ ಎರಡು ಧ್ವನಿಮುದ್ರಿಕೆಗಳು ಈ ಮಾರುಕಟ್ಟೆಯಲ್ಲಿ ಪ್ರಸಿದ್ಧವಾಗಿವೆ. ಎರಡೂ 1982ರವು. ರೂಪಾ ಬಿಸ್ವಾಸ್ ಅವರು ಕೆನಡಾದ ಕ್ಯಾಲ್ಗರಿಯಲ್ಲಿ ಹಾಡಿ ಕಲ್ಕತ್ತೆಯಲ್ಲಿ ಬಿಡುಗಡೆಯಾದ 'ಡಿಸ್ಕೋ ಜಾಝ್' ಆಗ ಗಮನ ಸೆಳೆಯದೆ ಹೋಯಿತು. 2019ರಲ್ಲಿ ನ್ಯೂಮೆರೊ ಸಂಸ್ಥೆ ಅದನ್ನು ಮತ್ತೆ ಪ್ರಕಟಿಸಿತು. ಮುಂಬಯಿಯ ವಾದಕ ಚರಣ್‌ಜಿತ್ ಸಿಂಗ್ ಅವರು ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ಡಿಸ್ಕೋ ಲಯಕ್ಕೆ ನುಡಿಸಿದ ತಟ್ಟೆಯನ್ನು 2010ರಲ್ಲಿ ಬಾಂಬೆ ಕನೆಕ್ಷನ್ ಎಂಬ ಡಚ್ ಸಂಸ್ಥೆ ಹೊರತಂದಿತು. 2015ರಲ್ಲಿ ತೀರಿಕೊಳ್ಳುವ ಮುನ್ನ ಅವರು ಇಳಿವಯಸ್ಸಿನಲ್ಲಿ ವಿದೇಶಗಳಲ್ಲಿ ಕಛೇರಿ ನೀಡುವ ಅವಕಾಶ ಪಡೆದರು. ಎರಡು ಪ್ರಕರಣಗಳಲ್ಲಿಯೂ ಸರಕಿನ ಮೌಲ್ಯವನ್ನು ಮೊದಲು ಗುರುತಿಸಿದವರು ಹೊರಗಿನವರು ಎಂಬುದು ನಮ್ಮ ಉದ್ಯಮಿಗಳು ಚಿಂತಿಸಬೇಕಾದ ವಿಷಯ.

ಇಂತಹ ಕಾರ್ಯಕ್ಕೆ ಕೈಹಾಕುವವರು ಕಾನೂನನ್ನು ಅರಿತಿರಬೇಕು. ಭಾರತದ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1975ರಲ್ಲಿ ಬಂದ ತಟ್ಟೆಗೆ 2035ರ ಕೊನೆಯವರೆಗೆ ರಕ್ಷಣೆಯುಂಟು. ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ಬೇರೆ; ಅದು ರಚನಕಾರರ ಮರಣಾನಂತರವೂ 60 ವರ್ಷ ಮುಂದುವರಿಯುತ್ತದೆ.

ಸಂಗ್ರಾಹಕರಿಗೆ ಸಲಹೆಗಳು

ಕೊಳ್ಳುವ ಮುನ್ನ ಹೊದಿಕೆಯ ಹಿಂಬದಿಯನ್ನು ಓದಬೇಕು. ಯಾರಿಂದ ಪರವಾನಗಿ ಪಡೆಯಲಾಗಿದೆ, ಧ್ವನಿಯನ್ನು ಮೂಲ ಟೇಪಿನಿಂದ ಪಡೆದದ್ದೋ ತಟ್ಟೆಯಿಂದಲೋ ಎಂಬ ವಿವರಗಳಿದ್ದರೆ ಅದು ವಿಶ್ವಾಸಾರ್ಹತೆಯ ಲಕ್ಷಣ. ಕಲಾವಿದರ ಸಂದರ್ಶನ, ಛಾಯಾಚಿತ್ರಗಳಿರುವ ಪುಸ್ತಿಕೆ ಜೊತೆಗಿದ್ದರೆ ಪ್ರಕಾಶಕರು ಅವರನ್ನು ನೇರವಾಗಿ ಸಂಪರ್ಕಿಸಿರುವ ಸಂಭವ ಹೆಚ್ಚು. ಕಂಪನಿಯ ಹೆಸರು, ವಿಳಾಸ ಯಾವುದೂ ಇಲ್ಲದ ತಟ್ಟೆಯನ್ನು ಅಗ್ಗವೆಂದು ಕೊಳ್ಳಬಾರದು. ವಿದೇಶದಿಂದ ತರಿಸುವಾಗ ಸಾಗಣೆ ವೆಚ್ಚ ಮತ್ತು ಸುಂಕವನ್ನು ಸೇರಿಸಿಯೇ ಬೆಲೆ ಲೆಕ್ಕ ಹಾಕಬೇಕು. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಕಡೆ ಇಡಬೇಕು. ಮಳೆಗಾಲದ ತೇವದಲ್ಲಿ ಹೊದಿಕೆಗೆ ಬೂಷ್ಟು ಹಿಡಿಯುವುದರಿಂದ ಆಗಾಗ ತೆಗೆದು ನೋಡಬೇಕು. ಬೆಲೆ ಏರುತ್ತದೆಂಬ ನಿರೀಕ್ಷೆಯೊಂದರಿಂದಲೇ ಮರುಬಿಡುಗಡೆಗಳಲ್ಲಿ ಹಣ ತೊಡಗಿಸುವುದು ವಿವೇಕವಲ್ಲ. ಬೇಡಿಕೆ ಬಂದರೆ ಪ್ರಕಾಶಕರು ಮತ್ತೊಮ್ಮೆ ಮುದ್ರಿಸಬಲ್ಲರು.

ಕ್ಯಾಸೆಟ್ಟಿನ ಕಾಲದಲ್ಲಿ ನಮ್ಮ ನಾಡಿನಲ್ಲಿಯೂ ಹಲವಾರು ಸಣ್ಣ ಧ್ವನಿಮುದ್ರಣ ಸಂಸ್ಥೆಗಳು ಹುಟ್ಟಿ, ಬೆಳೆದು, ಮುಚ್ಚಿಹೋದವು. ಅವುಗಳ ಮೂಲ ಟೇಪುಗಳು ಮತ್ತು ಕಲಾವಿದರೊಡನೆ ಆದ ಕರಾರುಪತ್ರಗಳು ಯಾರ ಮನೆಯ ಅಟ್ಟದಲ್ಲಿಯಾದರೂ ಇದ್ದರೆ, ಅವನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಯೋಚಿಸುವುದು ಒಳಿತು. ಟೇಪು ಮಾತ್ರ ಇದ್ದು ಪತ್ರವಿಲ್ಲದಿದ್ದರೆ ಹಾಡನ್ನು ನ್ಯಾಯವಾಗಿ ಮಾರಲಾಗದು. ಪತ್ರ ಮಾತ್ರ ಇದ್ದು ಟೇಪು ಇಲ್ಲದಿದ್ದರೆ ಹಾಡು ಕೇಳಿಸದು. ಎರಡನ್ನೂ ಜೋಪಾನವಾಗಿ ಉಳಿಸಿದವರ ಸರಕಿಗೇ ಎರಡನೆಯ ಬಾರಿ ಮಾರುಕಟ್ಟೆ ತೆರೆಯುತ್ತದೆ.